ದೀಪಗಳು ಮಾತನಾಡುವ ಊರು: ‘ಕುಸುಮಬಾಲೆ’ಗೆ ಒಂದು ಓದುಗನ ಕೈಪಿಡಿ

ಕಳೆದ ಬೇಸಿಗೆಯ ರಜೆಯಲ್ಲಿ ಬೆಂಗಳೂರಿನಲ್ಲಿ ಓದುತ್ತಿರುವ ಯುವಕನೊಬ್ಬ ಗುಂಡ್ಲುಪೇಟೆಗೆ ಬಂದವನು ನನ್ನನ್ನು ನೋಡಿಹೋಗಲು ಗುರುನಿವಾಸಕ್ಕೆ ಬಂದಿದ್ದನು. ಅವನ ಕೈಯಲ್ಲಿ ಒಂದು ಇಂಗ್ಲಿಷ್ ಕಾದಂಬರಿಯೂ ಅದರ ಜೊತೆಗೆ ದಪ್ಪನೆಯ ಒಂದು ನೋಟ್ ಪುಸ್ತಕವೂ ಇದ್ದವು. ಕಾದಂಬರಿಯ ಹೆಸರು ‘ರಿವರ್ಸ್ ಆಫ್ ಲಂಡನ್’, ಬರೆದವರು ಬೆನ್ ಆರನೊವಿಚ್, ಪ್ರಕಟವಾದದ್ದು 2011ರಲ್ಲಿ. ಅದೊಂದು ಕಾದಂಬರಿ ಸರಣಿಯ ಮೊದಲ ಪುಸ್ತಕ. ನೋಟ್ ಪುಸ್ತಕವು ಆ ಯುವಕ ತಾನೇ ಬರೆದುಕೊಂಡ ಕೈಪಿಡಿ. ಕಥೆ ನಡೆಯುವ ಬೀದಿಗಳ ನಕ್ಷೆ, ಪಾತ್ರಗಳ ವಂಶಾವಳಿ, ಲಂಡನ್ ಪೊಲೀಸರ ಆಡುಮಾತಿನ ಅರ್ಥ, ಯಾವ ನದಿ ಯಾವ ನದಿಯ ಮಗಳು ಎಂಬ ವಿವರ, ಎಲ್ಲವನ್ನೂ ಬಣ್ಣಬಣ್ಣದ ಪೆನ್ನುಗಳಿಂದ ಶ್ರದ್ಧೆಯಿಂದ ಬರೆದಿದ್ದನು. ಸೆಮಿನರಿಯಲ್ಲಿ ನಾವು ಪ್ರವಾದಿಗಳ ಗ್ರಂಥಗಳಿಗೂ ಇಷ್ಟು ಅಚ್ಚುಕಟ್ಟಾದ ಟಿಪ್ಪಣಿ ಮಾಡಿಕೊಂಡದ್ದು ನನಗೆ ನೆನಪಿಲ್ಲ.

ಇಂಥ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ ‘ಅರ್ಬನ್ ಫ್ಯಾಂಟಸಿ’ ಎಂಬ ಹೆಸರಿದೆ. ನಗರದ ಅದ್ಭುತಕಥೆ ಎಂದು ನಾವು ಕರೆಯಬಹುದು. ಏಳು ಸಮುದ್ರಗಳಾಚೆಯ ಮಾಯಾರಾಜ್ಯದಲ್ಲಿ ಇವು ನಡೆಯುವುದಿಲ್ಲ. ಬಸ್ಸು, ಪೊಲೀಸ್ ಠಾಣೆ, ಬಾಡಿಗೆ ಮನೆಗಳಿರುವ ಇಂದಿನ ನಗರದಲ್ಲಿಯೇ ದೇವತೆಗಳೂ ಪ್ರೇತಗಳೂ ಬಂದು ಸೇರಿಕೊಳ್ಳುತ್ತವೆ. ಈ ಕಾದಂಬರಿಯ ಆರಂಭದಲ್ಲಿ ಪೀಟರ್ ಗ್ರಾಂಟ್ ಎಂಬ ಎಳೆಯ ಕಾನ್‌ಸ್ಟೇಬಲ್ ಕಾವೆಂಟ್ ಗಾರ್ಡನ್ ಎಂಬ ಬಡಾವಣೆಯಲ್ಲಿ ಕೊಲೆ ನಡೆದ ಸ್ಥಳವನ್ನು ಕಾಯುತ್ತಿರುತ್ತಾನೆ. ಆಗ ಕೊಲೆಯನ್ನು ಕಣ್ಣಾರೆ ಕಂಡ ಸಾಕ್ಷಿಯೊಬ್ಬನು ಬಂದು ಹೇಳಿಕೆ ಕೊಡುತ್ತಾನೆ. ತೊಂದರೆ ಇಷ್ಟೇ: ಆ ಸಾಕ್ಷಿ ಸತ್ತು ಬಹುಕಾಲವಾಗಿದೆ, ಅವನೊಂದು ಪ್ರೇತ. ಕಾನ್‌ಸ್ಟೇಬಲ್ ಅದನ್ನು ನಂಬುವ ಧೈರ್ಯ ಮಾಡುವುದರಿಂದಲೇ ಮುಂದಿನ ಕಥೆಯೆಲ್ಲ ಸಾಧ್ಯವಾಗುತ್ತದೆ. ಥೇಮ್ಸ್ ನದಿ ಅಲ್ಲಿ ಒಬ್ಬ ತಾಯಿಯಾಗಿ, ಅವಳ ಉಪನದಿಗಳು ಹೆಣ್ಣುಮಕ್ಕಳಾಗಿ ಬರುತ್ತಾರೆ.

“ಫಾದರ್, ಕನ್ನಡದಲ್ಲಿ ಇಂಥದ್ದು ಒಂದೂ ಇಲ್ಲವಲ್ಲ?” ಎಂದು ಅವನು ಕೇಳಿದನು. ನಾನು ಒಳಗೆ ಹೋಗಿ ಕಪಾಟಿನಿಂದ ಒಂದು ತೆಳ್ಳನೆಯ ಪುಸ್ತಕವನ್ನು ತಂದು ಅವನ ಕೈಗಿತ್ತೆನು. ಅದು ದೇವನೂರ ಮಹಾದೇವ ಅವರ ‘ಕುಸುಮಬಾಲೆ’. ಎರಡು ದಿನ ಕಳೆದು ಹಿಂದಿರುಗಿಸಲು ಬಂದವನು, “ಇಪ್ಪತ್ತು ಪುಟ ಓದಿದೆ ಫಾದರ್, ತಲೆಗೆ ಹತ್ತಲಿಲ್ಲ. ಲಂಡನ್ ಪೊಲೀಸರ ಇಂಗ್ಲಿಷೇ ಇದಕ್ಕಿಂತ ಸಲೀಸು” ಎಂದನು. ಆ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ಆ ಕಾದಂಬರಿಯ ಭಾಷೆ ಹೆಚ್ಚುಕಡಿಮೆ ಅವನ ಅಜ್ಜಿ ದಿನವೂ ಆಡುವ ಭಾಷೆ.

ಅವನಿಗಾಗಿ, ಮತ್ತು ಅವನಂಥ ಅನೇಕರಿಗಾಗಿ, ನಾನೂ ಒಂದು ಕೈಪಿಡಿಯನ್ನು ಬರೆಯಬೇಕೆಂದು ಅಂದು ಎನಿಸಿತು. ಈ ಲೇಖನ ಅಂಥದೊಂದು ಪ್ರಯತ್ನ. ನಾನು ಸಾಹಿತ್ಯದ ವಿದ್ವಾಂಸನಲ್ಲ. ಈ ಪುಸ್ತಕವನ್ನು ನಾಲ್ಕೈದು ಬಾರಿ ಓದಿ ಅದಕ್ಕೆ ಸೋತವನು, ಅಷ್ಟೇ. ಕಥೆಯ ಮುಖ್ಯ ಗುಟ್ಟನ್ನು ನಾನಿಲ್ಲಿ ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿಸುತ್ತೇನೆ. ಆದರೆ ಗುಟ್ಟು ಗೊತ್ತಾದ ಮೇಲೂ ಕಡಿಮೆಯಾಗದ ಕಥೆ ಇದು.

ಮೊದಲು ಪುಸ್ತಕದ ಪರಿಚಯ. ‘ಕುಸುಮಬಾಲೆ’ ಪ್ರಕಟವಾದದ್ದು 1984ರಲ್ಲಿ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಲೇಖಕರು 1948ರಲ್ಲಿ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದವರು. ‘ದ್ಯಾವನೂರು’ ಎಂಬ ಕಥಾಸಂಕಲನ, ‘ಒಡಲಾಳ’ ಎಂಬ ನೀಳ್ಗತೆ, ಅನಂತರ ಈ ಕಾದಂಬರಿ: ಕಥಾಸಾಹಿತ್ಯದಲ್ಲಿ ಅವರು ಬರೆದದ್ದು ಬಹಳ ಕಡಿಮೆ, ಬರೆದದ್ದು ಉಳಿದದ್ದು ಬಹಳ ಹೆಚ್ಚು. ‘ಕುಸುಮಬಾಲೆ’ಯನ್ನು ಸಿ. ಬಸವಲಿಂಗಯ್ಯನವರು ರಂಗಭೂಮಿಗೆ ತಂದರು. ಸೂಸನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದ 2015ರಲ್ಲಿ ಬಂದಿತು. ಹೀಗೆ ಬೇರೆ ಭಾಷೆಯವರೂ ಓದುತ್ತಿರುವ ಪುಸ್ತಕವನ್ನು ಅದು ಹುಟ್ಟಿದ ನೆಲದ ಹುಡುಗನು ಇಪ್ಪತ್ತನೆಯ ಪುಟದಲ್ಲಿ ಕೆಳಗಿಟ್ಟನು.

ಕೈಪಿಡಿಗಳಲ್ಲಿ ಮೊದಲು ಬರುವುದು ನಕ್ಷೆ. ಈ ಕಾದಂಬರಿಗೆ ನಕ್ಷೆ ಬರೆಯುವವನು ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬೇಗೂರನ್ನು ದಾಟಿ ನಂಜನಗೂಡಿನ ಕಡೆಗೆ ಹೋಗಲಿ. ಇಲ್ಲವೇ ಚಾಮರಾಜನಗರದಿಂದ ಹೊರಡುವ ರೈಲಿನಲ್ಲಿ ಕವಲಂದೆ, ಬದನವಾಳುಗಳ ಮಾರ್ಗವಾಗಿ ಸಾಗಲಿ. ಕಿಟಕಿಯಾಚೆ ಕಾಣುವ ಹೊಲ, ತೆಂಗಿನ ತೋಟ, ಊರು ಮತ್ತು ಊರಿನಿಂದ ಸ್ವಲ್ಪ ಬೇರೆಯಾಗಿ ನಿಂತ ಕೇರಿ, ಇವೇ ಈ ಕಾದಂಬರಿಯ ಲೋಕ. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಆದರೆ ಮಾತಿಗೂ ಹಾಡಿಗೂ ಆ ಗಡಿ ಇನ್ನೂ ಗೊತ್ತಿಲ್ಲ. ಲಂಡನ್ನಿನ ಕಾದಂಬರಿಯನ್ನು ಓದಿದವರು ಆ ಬೀದಿಗಳನ್ನು ಹುಡುಕಿಕೊಂಡು ವಿಮಾನದಲ್ಲಿ ಹೋಗುತ್ತಾರಂತೆ. ನಮಗೆ ಬಸ್ಸಿನ ಟಿಕೆಟ್ಟು ಸಾಕು.

ಇದು ನಗರದ ಕಥೆಯಲ್ಲ, ಹಳ್ಳಿಯ ಕಥೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಈ ಹಳ್ಳಿ ಪುರಾಣಕಾಲದ ಹಳ್ಳಿಯಲ್ಲ. ಶಾಲೆ ಕಲಿತ ಹುಡುಗರು, ಸಂಘ ಕಟ್ಟಿದ ದಲಿತ ಯುವಕರು, ದೂರದ ಬೊಂಬಾಯಿಯ ಹೆಸರು, ಎಲ್ಲವೂ ಅಲ್ಲಿವೆ. ನಮ್ಮ ಕಾಲದ ಈ ಊರಿನಲ್ಲಿಯೇ ರಾತ್ರಿಯಾದ ಮೇಲೆ ವಸ್ತುಗಳಿಗೆ ಜೀವ ಬರುತ್ತದೆ.

ಎರಡನೆಯದಾಗಿ ಭಾಷೆ. ಈ ಕನ್ನಡವನ್ನು ಕನ್ನಡಕ್ಕೇ ಅನುವಾದಿಸಬೇಕು ಎಂಬ ಮಾತು ಪುಸ್ತಕ ಬಂದಾಗಿನಿಂದ ಕೇಳಿಬರುತ್ತಿದೆ. ನನ್ನ ಸಲಹೆ ಸರಳವಾದದ್ದು: ಕಣ್ಣಿನಿಂದ ಓದಬೇಡಿ, ಗಟ್ಟಿಯಾಗಿ ಓದಿ. ಅಚ್ಚಿನಲ್ಲಿ ಕಗ್ಗಂಟಾಗಿ ಕಾಣುವುದು ಕಿವಿಗೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತದೆ. ನಮ್ಮ ಸೀಮೆಯ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ: ಹಾಲು ‘ಆಲು’ ಆಗುತ್ತದೆ, ಹೋಗು ‘ಓಗು’ ಆಗುತ್ತದೆ. ಬಿಡು ಎಂಬುದು ‘ಬುಡು’. ಸ್ವಲ್ಪ ಎನ್ನುವ ಕಡೆ ‘ವಸಿ’. ಹಟ್ಟಿ ಎಂದರೆ ನಮ್ಮಲ್ಲಿ ಮನೆ. ಇಷ್ಟು ಕೀಲಿಗಳಿದ್ದರೆ ಅರ್ಧ ಬಾಗಿಲು ತೆರೆಯಿತು. ಉಳಿದರ್ಧಕ್ಕೆ ಲಯ ಬೇಕು. ಇದನ್ನು ಗದ್ಯವೆಂದು ಓದಲು ಹೊರಟರೆ ಕಾಲು ತೊಡರುತ್ತದೆ. ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರನ್ನು, ಕಂಸಾಳೆ ಹಿಡಿದು ಮಾದೇಶ್ವರನ ಕಥೆ ಹೇಳುವ ದೇವರಗುಡ್ಡರನ್ನು ಒಮ್ಮೆಯಾದರೂ ಕೇಳಿದವರಿಗೆ ಈ ವಾಕ್ಯಗಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ. ಆ ಹಾಡುಗಾರರು ಮಾತಿನಿಂದ ಹಾಡಿಗೂ ಹಾಡಿನಿಂದ ಮಾತಿಗೂ ಹೇಳದೆ ಕೇಳದೆ ದಾಟುತ್ತಾರೆ. ಈ ಕಾದಂಬರಿಯೂ ಹಾಗೆಯೇ ದಾಟುತ್ತದೆ. ಆ ಕಾವ್ಯಗಳಲ್ಲಿ ದೇವರು ತಿಪ್ಪೆಯ ಮೇಲೂ ಕೂರುತ್ತಾನೆ, ಜಡವಸ್ತುಗಳಿಗೂ ನಾಲಗೆ ಇರುತ್ತದೆ. ಇಲ್ಲಿನ ಅದ್ಭುತಗಳೆಲ್ಲ ಆ ಹಾಡುಗಳ ನೆರಳಿನಲ್ಲಿ ಬೆಳೆದವು. ದೇವನೂರರು ಅವನ್ನು ಲ್ಯಾಟಿನ್ ಅಮೆರಿಕದಿಂದ ಕಡ ತಂದರೆಂದು ಹೇಳುವವರು ಒಮ್ಮೆ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಒಂದು ರಾತ್ರಿ ಕಳೆಯಬೇಕು.

ಮೂರನೆಯದಾಗಿ ಪಾತ್ರಗಳು. ಎಲ್ಲರನ್ನೂ ನೆನಪಿಡುವ ಅಗತ್ಯವಿಲ್ಲ. ಒಂದು ಮನೆತನದ ಎಳೆಯನ್ನು ಹಿಡಿದರೆ ಸಾಕು. ಅಕ್ಕಮಹಾದೇವಮ್ಮನಿಂದ ಈ ಎಳೆ ಆರಂಭವಾಗುತ್ತದೆ. ಅವಳ ಮಗ ಯಾಡ, ಅವನ ಮಗ ಸೋಮಪ್ಪ, ಸೋಮಪ್ಪನ ಮಗಳು ಕುಸುಮ. ಊರಿನಲ್ಲಿ ಆಸ್ತಿಯೂ ಮಾತಿನ ತೂಕವೂ ಇರುವ ಮನೆ ಇದು. ಕೇರಿಯ ಕಡೆಯಲ್ಲಿ ಚನ್ನ ಇದ್ದಾನೆ, ಓದುಬರಹ ಬಲ್ಲ ದಲಿತ ಯುವಕ. ಕುಸುಮ ಮತ್ತು ಚನ್ನ ಪ್ರೀತಿಸಿದರು. ಅವಳಿಗೆ ಅವನಿಂದ ಮಗುವಾಯಿತು. ಅವನು ಊರಿನಿಂದ ಕಾಣೆಯಾದನು. ಬೊಂಬಾಯಿಗೆ ಹೋದನೆಂದು ಸುದ್ದಿ. ನಿಜವಾಗಿ ಅವನನ್ನು ಕೊಂದಿದ್ದಾರೆ. ಇನ್ನೊಂದು ಕಡೆ ಗಾರಸಿದ್ದಮಾವ ಎಂಬ ಬಡವನಿದ್ದಾನೆ. ಸೋಮಪ್ಪನ ತೋಟದಲ್ಲಿ ತೆಂಗಿನಕಾಯಿ ಕದ್ದನೆಂದು ಅವನನ್ನು ಹಿಡಿದು ಕಟ್ಟಿಹಾಕುತ್ತಾರೆ.

ನಾಲ್ಕನೆಯದಾಗಿ ಇರುಳಿನ ಜೀವಿಗಳು. ಯುವಕರು ಹುಡುಕುವುದು ಇವನ್ನೇ. ಮನೆಮನೆಯ ದೀಪ ಆರಿದ ಮೇಲೆ ಆ ದೀಪಗಳ ಜೀವವಾಗಿರುವ ಜೋತಮ್ಮರು ಒಂದೆಡೆ ಕೂಡುತ್ತಾರೆ. ದಣಿದ ಹೆಂಗಸರು ಕಟ್ಟೆಯ ಮೇಲೆ ಕುಳಿತು ಮಾತನಾಡುವಂತೆ ತಂತಮ್ಮ ಮನೆಯ ಸುದ್ದಿಗಳನ್ನು ಹೇಳಿಕೊಳ್ಳುತ್ತಾರೆ. ಇನ್ನೊಂದೆಡೆ ಮಂಚವೊಂದು ಬಾಯಿ ತೆರೆದು ತಾನು ಕಂಡದ್ದನ್ನು ಹೇಳುತ್ತದೆ. ಇವು ಯಾರನ್ನೂ ಹೆದರಿಸಲು ಬಂದ ದೆವ್ವಗಳಲ್ಲ. ಮನೆಯೊಳಗೆ ಎಲ್ಲವನ್ನೂ ನೋಡುವ ವಸ್ತುಗಳು ದೀಪ ಮತ್ತು ಮಂಚ ಅಲ್ಲದೆ ಬೇರೆ ಯಾವುವು? ನಾವು ಅವುಗಳ ಎದುರಿಗೆ ಏನನ್ನೂ ಮುಚ್ಚಿಡುವುದಿಲ್ಲ.

ಇಲ್ಲಿಗೆ ಒಂದು ಕೈಪಿಡಿಯ ಕೆಲಸ ಮುಗಿಯಬಹುದು. ನನ್ನ ಯುವಮಿತ್ರನ ನೋಟ್ ಪುಸ್ತಕವೂ ಇಲ್ಲಿಗೇ ನಿಲ್ಲುತ್ತದೆ. ನಕ್ಷೆ ಬರೆದಾಯಿತು, ವಂಶಾವಳಿ ಬರೆದಾಯಿತು, ಯಾವ ದೇವತೆಗೆ ಯಾವ ಶಕ್ತಿ ಎಂದು ಪಟ್ಟಿ ಮಾಡಿಯಾಯಿತು. ಆದರೆ ಈ ಶಕ್ತಿಗಳು ಕಥೆಯೊಳಗೆ ಏಕೆ ಬಂದವು ಎಂದು ಕೇಳದಿದ್ದರೆ ನಾವು ಪುಸ್ತಕದ ಬಗ್ಗೆ ಬಹಳ ತಿಳಿದುಕೊಂಡು ಪುಸ್ತಕವನ್ನು ಓದದೆ ಉಳಿಯುತ್ತೇವೆ. ವೇದವಾಕ್ಯದ ವಿಷಯದಲ್ಲಿ ನನ್ನಂಥವರು ಮಾಡುವ ತಪ್ಪೂ ಇದೇ. ಆದ್ದರಿಂದ ನಾನು ಕೇಳುತ್ತೇನೆ: ‘ಕುಸುಮಬಾಲೆ’ಯಲ್ಲಿ ದೀಪಗಳು ಏಕೆ ಮಾತನಾಡುತ್ತವೆ?

ನನ್ನ ಉತ್ತರ ಇದು: ಮನುಷ್ಯರು ಮಾತನಾಡುತ್ತಿಲ್ಲವಾದ್ದರಿಂದ.

ಎರಡು ಅಪರಾಧಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು, ತೆಂಗಿನಕಾಯಿ ಕಳವು, ಇನ್ನೊಂದು, ಕೊಲೆ. ಕಳವಿಗೆ ಹಗಲಿನ ವಿಚಾರಣೆ ಇದೆ, ಕಟ್ಟಿಹಾಕುವ ಹಗ್ಗವಿದೆ, ನೋಡುವ ಜನರಿದ್ದಾರೆ, ಅದಕ್ಕೆ ಪ್ರತಿಭಟನೆಯೂ ಇದೆ. ಕೊಲೆಗೆ ಏನಿದೆ? ‘ಬೊಂಬಾಯಿಗೆ ಹೋದ’ ಎಂಬ ಒಂದು ವಾಕ್ಯವಿದೆ. ಕದ್ದದ್ದು ಬಡವನಾದರೆ ಇಡೀ ಊರೇ ಬಾಯಿ. ಕೊಂದದ್ದು ಉಳ್ಳವರಾದರೆ ಮಾತು ಇರುಳಿಗೆ ಸರಿಯುತ್ತದೆ, ಮನುಷ್ಯರಿಂದ ವಸ್ತುಗಳಿಗೆ ಸರಿಯುತ್ತದೆ. ಕಾದಂಬರಿ ಈ ಹೋಲಿಕೆಯನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಕಥೆಗಳನ್ನು ಒಂದೇ ಊರಿನಲ್ಲಿ ಇಟ್ಟು ಸುಮ್ಮನಾಗುತ್ತದೆ. ಆ ಸುಮ್ಮನಿರುವಿಕೆಯ ಮುಂದೆ ಎಷ್ಟೋ ಭಾಷಣಗಳು ಸಪ್ಪೆಯಾಗುತ್ತವೆ.

ಲಂಡನ್ನಿನ ಕಾದಂಬರಿಗೂ ಇದಕ್ಕೂ ಇರುವ ದೊಡ್ಡ ಅಂತರವೂ ಇಲ್ಲಿಯೇ ಇದೆ. ಅಲ್ಲಿ ಪ್ರೇತ ಸಾಕ್ಷಿ ಹೇಳಿದಾಗ ಎದುರಿಗೆ ಸಮವಸ್ತ್ರ ತೊಟ್ಟ ಪೊಲೀಸನಿದ್ದಾನೆ, ಅವನ ಕೈಯಲ್ಲಿ ಬರೆದುಕೊಳ್ಳುವ ಪುಸ್ತಕವಿದೆ. ಅದ್ಭುತವೂ ಅಲ್ಲಿ ನ್ಯಾಯದ ವ್ಯವಸ್ಥೆಯೊಳಗೆ ಬಂದು ಸೇರುತ್ತದೆ. ಇಲ್ಲಿ ಜೋತಮ್ಮರ ಹೇಳಿಕೆಯನ್ನು ಬರೆದುಕೊಳ್ಳುವ ಕಾನ್‌ಸ್ಟೇಬಲ್ ಇಲ್ಲ. ಅವರ ಮಾತು ಊರಿನವರ ಕಿವಿಗೆ ಬೀಳುವುದಿಲ್ಲ. ಅದನ್ನು ಕೇಳಿಸಿಕೊಂಡವನು ಒಬ್ಬನೇ, ಪುಸ್ತಕವನ್ನು ಕೈಯಲ್ಲಿ ಹಿಡಿದ ಓದುಗ. ಪ್ರಿಯ ವಾಚಕರೇ, ನಾವು ಆ ಪುಟವನ್ನು ತಿರುವಿದ ಕ್ಷಣದಿಂದ ಸಾಕ್ಷಿಯ ಭಾರ ನಮ್ಮ ಹೆಗಲಿಗೆ ಬರುತ್ತದೆ.

ದೀಪಗಳು ಕೂಡಿ ಮಾತನಾಡುವ ಕಲ್ಪನೆ ನಮ್ಮ ಜನಪದದಲ್ಲಿ ಹಳೆಯದು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆಯೊಂದರಲ್ಲಿ ಗೃಹಿಣಿಯೊಬ್ಬಳಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿರುತ್ತವೆ. ಅವಳು ಅವನ್ನು ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಗಟ್ಟಿದ ಕಥೆ ಮತ್ತು ಹಾಡು ಒಂದು ದಿನ ಹೊರಬಂದು ಗಂಡಸಿನ ಅಂಗಿ ಮತ್ತು ಪಾದರಕ್ಷೆಗಳ ರೂಪ ತಾಳಿ ಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಗಂಡನಿಗೆ ಸಂಶಯ, ಜಗಳ. ಅವನು ಮುನಿಸಿನಿಂದ ಹನುಮಂತನ ಗುಡಿಗೆ ಹೋಗಿ ಮಲಗಿದಾಗ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಮಾತನಾಡುವುದನ್ನು ಕೇಳಿ ನಿಜ ತಿಳಿಯುತ್ತಾನೆ. ಮನೆಗೆ ಬಂದು ಹೆಂಡತಿಯನ್ನು ಆ ಕಥೆ, ಆ ಹಾಡು ಯಾವುವೆಂದು ಕೇಳಿದರೆ ಅವಳಿಗೆ ಎರಡೂ ಮರೆತುಹೋಗಿವೆ. ಗಿರೀಶ ಕಾರ್ನಾಡರು 1988ರ ‘ನಾಗಮಂಡಲ’ ನಾಟಕದ ಆರಂಭದಲ್ಲಿ ಈ ಜ್ಯೋತಿಗಳನ್ನು ರಂಗದ ಮೇಲೆ ತಂದರು. ಅದಕ್ಕೂ ನಾಲ್ಕು ವರ್ಷ ಮೊದಲು ದೇವನೂರರು ಅವರನ್ನು ಒಂದು ಕೊಲೆಯ ಊರಿಗೆ ಕರೆತಂದಿದ್ದರು. ಜನಪದ ಕಥೆಯ ಎಚ್ಚರಿಕೆಯನ್ನು ಗಮನಿಸಿ: ಹೇಳದೆ ಉಳಿದದ್ದು ಮೊದಲು ಮನೆಯನ್ನು ಕೆಡಿಸುತ್ತದೆ, ಅನಂತರ ಮರೆತೇಹೋಗುತ್ತದೆ. ಕೊಲೆಯಾದ ಹುಡುಗನನ್ನು ‘ಹೋದ’ ಎಂದು ಹೇಳುತ್ತ ಹೇಳುತ್ತ ಒಂದು ಊರು ಅದನ್ನು ತಾನೇ ನಂಬಬಹುದು.

ಈ ಕಾದಂಬರಿ ಬಂದು ಒಂಬತ್ತು ವರ್ಷಗಳ ಮೇಲೆ, 1993ರ ಮಾರ್ಚಿಯಲ್ಲಿ, ಅದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರ ಕೊಲೆಯಾಯಿತು. ದೇವಾಲಯ ಪ್ರವೇಶದ ವಿಚಾರ ಅದರ ಹಿಂದೆ ಇದ್ದಿತು. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ದಲಿತ ಮಹಿಳೆಯೊಬ್ಬರು ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹೊರಚೆಲ್ಲಿ ತೊಳೆದ ಸುದ್ದಿಯನ್ನು ನಾವೆಲ್ಲ ಓದಿದೆವು. ಆದ್ದರಿಂದ ಈ ಪುಸ್ತಕದಲ್ಲಿ ನಂಬಲಾಗದ ಭಾಗ ಯಾವುದೆಂದು ನನ್ನನ್ನು ಕೇಳಿದರೆ, ಮಾತನಾಡುವ ಮಂಚವೆಂದು ನಾನು ಹೇಳಲಾರೆ.

ಇಲ್ಲಿ ನನ್ನ ಬದುಕಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ನಾನು ಎಳೆಯ ಗುರುವಾಗಿದ್ದಾಗ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದೆನು. ಕೇರಿಯ ನಮ್ಮದೇ ಹುಡುಗನೊಬ್ಬನು ಸಂಜೆ ಬಂದು, ಊರಿನ ದೊಡ್ಡ ಜಾತಿಯ ಹುಡುಗಿಯೊಬ್ಬಳನ್ನು ತಾನು ಮದುವೆಯಾಗಬೇಕೆಂದಿದ್ದೇನೆ, ದೇವಾಲಯದಲ್ಲಿ ಮಾಡಿಸುವಿರಾ ಎಂದು ಕೇಳಿದನು. ನಾನು ಅವನಿಗೆ ಇಲ್ಲವೆನ್ನಲಿಲ್ಲ. ಧರ್ಮಾಧ್ಯಕ್ಷರ ವಿನಾಯಿತಿ ಬೇಕು, ಪತ್ರಗಳು ಬೇಕು, ಮುಂದಿನ ತಿಂಗಳು ಬಾ ಎಂದೆನು. ಹೇಳಿದ್ದೆಲ್ಲ ನಿಯಮದ ಪ್ರಕಾರ ಸರಿಯಾಗಿತ್ತು. ಒಳಗೆ ನನಗಿದ್ದದ್ದು ಊರಿನವರ ಭಯ. ಮುಂದಿನ ತಿಂಗಳು ಅವನು ಬರಲಿಲ್ಲ. ಭಾನುವಾರದ ಪೂಜೆಯಾದ ಮೇಲೆ ಅವನ ತಾಯಿಯನ್ನು ಕೇಳಿದಾಗ, “ತಿರುಪ್ಪೂರ್ಗೆ ಓದ ಸಾಮಿ” ಎಂದಳು. ಅವಳ ಕಣ್ಣು ನೆಲದ ಮೇಲಿತ್ತು. ನಾನು ಎರಡನೆಯ ಪ್ರಶ್ನೆಯನ್ನು ಕೇಳಲಿಲ್ಲ. ಹುಡುಗಿಯನ್ನು ಬೇರೆ ಊರಿಗೆ ಕೊಟ್ಟರೆಂದು ಆಮೇಲೆ ತಿಳಿಯಿತು.

ಮಾರನೆಯ ವರ್ಷ ನನ್ನ ಕೈಗೆ ‘ಕುಸುಮಬಾಲೆ’ ಬಂದಿತು. ‘ಬೊಂಬಾಯಿಗೆ ಹೋದ’ ಎಂಬ ಊರಿನ ಮಾತನ್ನು ಓದಿದಾಗ ಪುಸ್ತಕವನ್ನು ಮುಚ್ಚಿಟ್ಟೆನು. ಬಹಳ ವರ್ಷಗಳ ಮೇಲೆ ತಾಯಿಯ ಮಣ್ಣಿಗೆ ಆ ಹುಡುಗ ಬಂದನು. ನಿಜವಾಗಿಯೂ ತಿರುಪ್ಪೂರಿನಲ್ಲಿಯೇ ಇದ್ದನು, ತಲೆಯಲ್ಲಿ ನರೆ ಬಂದಿತ್ತು, ನನ್ನ ಕೈಹಿಡಿದು “ಚೆನ್ನಾಗಿದ್ದೀರಾ ಫಾದರ್?” ಎಂದನು. ಅವನು ಬದುಕಿದ್ದದ್ದು ದೇವರ ಕೃಪೆ. ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಅಷ್ಟು ವರ್ಷ ನಾನು ವಿಚಾರಿಸದೆ ಇದ್ದದ್ದು ಮಾತ್ರ ನನ್ನದು. ಚನ್ನನ ಊರಿನವರೆಲ್ಲರೂ ಕೊಲೆಗಾರರಲ್ಲ. ಬಹುಪಾಲು ಜನ ನನ್ನಂಥವರು, ಎರಡನೆಯ ಪ್ರಶ್ನೆ ಕೇಳದವರು. ನಮ್ಮ ಧರ್ಮಸಭೆಯೊಳಗೇ ಜಾತಿಭೇದ ಉಳಿದಿದೆ ಎಂಬುದನ್ನು ಭಾರತದ ಕಥೋಲಿಕ ಧರ್ಮಾಧ್ಯಕ್ಷರು ದಲಿತರ ಸಬಲೀಕರಣದ ಕುರಿತ 2016ರ ತಮ್ಮ ನೀತಿಯಲ್ಲಿ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಳ್ಳುವುದು ಪಾಪನಿವೇದನೆಯ ಮೊದಲ ಹೆಜ್ಜೆ. ಪ್ರಾಯಶ್ಚಿತ್ತ ಅದರ ಮುಂದೆ ಇದೆ.

ಬೈಬಲನ್ನು ಬಲ್ಲ ಓದುಗರಿಗೆ ವಸ್ತುಗಳು ಸಾಕ್ಷಿ ಹೇಳುವುದು ಹೊಸದಲ್ಲ. ಹೇಬೆಲನ ರಕ್ತ ನೆಲದೊಳಗಿಂದ ಕೂಗುತ್ತದೆ. ಶಿಷ್ಯರು ಸುಮ್ಮನಾದರೆ ಕಲ್ಲುಗಳೇ ಕೂಗಬೇಕಾಗುತ್ತದೆ ಎಂದು ಪ್ರಭು ಯೇಸು ಜೆರುಸಲೇಮಿನ ಹಾದಿಯಲ್ಲಿ ಹೇಳುತ್ತಾರೆ. ದೇವನೂರರು ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ಅವರ ಬೇರು ವಚನಕಾರರಲ್ಲಿ, ನೀಲಗಾರರಲ್ಲಿ ಇದೆ. ಆದರೆ ಜೋತಮ್ಮರನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವ ನಮ್ಮವರು, ಕಲ್ಲು ಕೂಗುವುದನ್ನು ಯಾವ ಭಕ್ತಿಯಿಂದ ಕೇಳುತ್ತೇವೆಯೋ ಅದೇ ಭಕ್ತಿಯಿಂದ ಈ ದೀಪಗಳನ್ನೂ ಕೇಳಲಿ ಎಂಬುದು ನನ್ನ ಬಯಕೆ.

ಅಭಿಮಾನಿಯ ಕೈಪಿಡಿಯಲ್ಲಿ ದೋಷಗಳ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ವಿಮರ್ಶೆಗೆ ಅದೂ ಸೇರಿದ್ದು. ಪುಸ್ತಕಕ್ಕೆ ಹೆಸರು ಕೊಟ್ಟ ಕುಸುಮ ಪುಸ್ತಕದಲ್ಲಿ ನನಗೆ ಸಾಕಷ್ಟು ಸಿಗುವುದಿಲ್ಲ. ಅವಳ ದುಃಖ ಸಿಗುತ್ತದೆ, ಅವಳು ಸಿಗುವುದಿಲ್ಲ. ಪ್ರೀತಿಸುವ ಮೊದಲು ಅವಳು ಹೇಗಿದ್ದಳು, ಯಾವ ಧೈರ್ಯ ಅವಳನ್ನು ನಡೆಸಿತು, ಮಗುವನ್ನು ನೋಡುವಾಗ ಅವಳೊಳಗೆ ಏನು ನಡೆಯಿತು ಎಂಬುದನ್ನು ಇನ್ನಷ್ಟು ಕೇಳಬೇಕೆಂದು ಓದುವಾಗಲೆಲ್ಲ ನನಗೆ ಅನಿಸಿದೆ. ದೀಪಕ್ಕೂ ಮಂಚಕ್ಕೂ ನಾಲಗೆ ಕೊಟ್ಟ ಕಾದಂಬರಿ ಅವಳಿಗೆ ಸ್ವಲ್ಪ ಜಿಪುಣತನದಿಂದ ಕೊಟ್ಟಿದೆ. ಎರಡನೆಯದು, ಕೆಲವೆಡೆ ಭಾಷೆಯ ಸೊಗಸೇ ನೋವಿನ ಮುಂದೆ ಬಂದು ನಿಲ್ಲುತ್ತದೆ. ಬಡತನದ ಮಾತು ಇಷ್ಟು ಚೆಂದವಾಗಿ ಕೇಳಿಸಿದಾಗ ಓದುಗ ಬಡತನವನ್ನು ಮರೆತು ಚೆಂದವನ್ನೇ ಮೆಲುಕು ಹಾಕುವ ಅಪಾಯವಿದೆ. ನಾನು ಈ ಅಪಾಯಕ್ಕೆ ಒಳಗಾಗಿದ್ದೇನೆ. ಮೂರನೆಯದು ಲೇಖಕರ ಮೇಲಿನ ದೂರಲ್ಲ, ನಮ್ಮ ಮೇಲಿನದು: ಇಷ್ಟು ಕಷ್ಟದ ಪುಸ್ತಕ ಎಂಬ ಕೀರ್ತಿಯನ್ನು ಕಟ್ಟಿ ನಾವು ಅದನ್ನು ಓದದೆ ಗೌರವಿಸುತ್ತಿದ್ದೇವೆ.

ಇನ್ನು ಆ ಯುವಕನ ಕಥೆಯನ್ನು ಮುಗಿಸುತ್ತೇನೆ. ಪುಸ್ತಕವನ್ನು ಹಿಂದಿರುಗಿಸಲು ಬಂದವನಿಗೆ ನಾನು ಮತ್ತೆ ಅದನ್ನೇ ಕೊಟ್ಟು, “ನೀನು ಓದಿಕೊಳ್ಳಬೇಡ, ನಿನ್ನ ಅಜ್ಜಿಗೆ ಓದಿ ಹೇಳು” ಎಂದೆನು. ಒಂದು ವಾರವಾದ ಮೇಲೆ ಬಂದನು. ಮೊದಮೊದಲು ಅಜ್ಜಿ ಅವನ ಉಚ್ಚಾರಣೆಗೆ ನಕ್ಕಳಂತೆ. ಆಮೇಲೆ ಪುಟಕ್ಕೊಂದು ಮಾತು ಸೇರಿಸತೊಡಗಿದಳಂತೆ: ಈ ಪದ ಹಾಗಲ್ಲ, ಹೀಗೆ, ಇಂಥವಳು ನಮ್ಮ ಊರಿನಲ್ಲಿಯೂ ಇದ್ದಳು. ಜೋತಮ್ಮರ ಭಾಗ ಬಂದಾಗ ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲವಂತೆ. ಚನ್ನ ಬೊಂಬಾಯಿಗೆ ಹೋದನೆಂಬ ಸುದ್ದಿಯನ್ನು ಓದಿದಾಗ ಮಾತ್ರ ಅಜ್ಜಿ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರದಲ್ಲಿ ಬಿಟ್ಟು, “ಬೊಂಬಾಯ್ಗೂ ಓಗಿಲ್ಲ ಎಲ್ಲಿಗೂ ಓಗಿಲ್ಲ ಕನಪ್ಪ ಅವ್ನು. ವಸಿ ತಡಿ” ಎಂದು ಎದ್ದು ಒಳಗೆ ಹೋದಳಂತೆ.

ಪುಸ್ತಕ ಇನ್ನೂ ಆ ಗುಟ್ಟನ್ನು ಬಿಟ್ಟುಕೊಡುವ ಮೊದಲೇ ಅಕ್ಷರ ಬಾರದ ಮುದುಕಿಗೆ ಅದು ಗೊತ್ತಾಗಿತ್ತು. ಹೇಗೆ ಗೊತ್ತಾಯಿತು ಎಂದು ಮೊಮ್ಮಗ ಕೇಳಿದಾಗ ಅವಳು ಮೊದಲು ಉತ್ತರಿಸಲಿಲ್ಲ. ಎರಡು ದಿನ ಬಿಟ್ಟು, ಅಡುಗೆ ಮಾಡುತ್ತ ಮಾಡುತ್ತ, ತಾನು ಮದುವೆಯಾಗಿ ಬಂದ ವರ್ಷ ಊರಿನಿಂದ ಹೀಗೆಯೇ ‘ಹೋದ’ ಒಬ್ಬನ ಕಥೆಯನ್ನು ಹೇಳಿದಳಂತೆ. ಮನೆಯಲ್ಲಿ ಅದುವರೆಗೆ ಯಾರೂ ಕೇಳದ ಕಥೆ ಅದು. ಅದೇನೆಂದು ನಾನು ಅವನನ್ನು ಕೇಳಿದೆನು, ಅವನು ಹೇಳಿದನು. ಇಲ್ಲಿ ಅದನ್ನು ಬರೆಯುವ ಹಕ್ಕು ನನಗಿಲ್ಲ. ಆದರೆ ಅವನು ಅದನ್ನು ತನ್ನ ನೋಟ್ ಪುಸ್ತಕದಲ್ಲಿ, ಲಂಡನ್ನಿನ ನದಿಗಳ ನಕ್ಷೆ ಮುಗಿದ ನಂತರದ ಖಾಲಿ ಹಾಳೆಗಳಲ್ಲಿ, ಅಜ್ಜಿಯ ಮಾತಿನಲ್ಲಿಯೇ ಬರೆದುಕೊಂಡಿದ್ದಾನೆ. ಹಕಾರಗಳನ್ನು ಸೇರಿಸದೆ ಬರೆದಿದ್ದಾನೆ.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿಯೂ ಇಂಥ ಅಜ್ಜಿಯರಿದ್ದಾರೆ. ಈ ಪುಸ್ತಕ ಗ್ರಂಥಾಲಯದಲ್ಲಿ ಸಿಗುತ್ತದೆ, ಕೊಳ್ಳಲೂ ದುಬಾರಿಯಲ್ಲ. ಒಂದು ಸಂಜೆ ಟಿ.ವಿ.ಯನ್ನು ಆರಿಸಿ ಅವರ ಮುಂದೆ ಕುಳಿತು ಹತ್ತು ಪುಟ ಗಟ್ಟಿಯಾಗಿ ಓದಿ. ಅವರು ನಡುವೆ ಬಾ­ಯಿ ಹಾಕಿದರೆ ಓದುವುದನ್ನು ನಿಲ್ಲಿಸಿ, ಅವರು ಹೇಳುವುದನ್ನು ಕೇಳಿ. ನನ್ನ ಕೈಪಿಡಿಯಿಂದ ಆಗದ ಕೆಲಸ ಅಲ್ಲಿ ಆಗುತ್ತದೆ.